ಕೋಮೋ ಸರೋವರದ ದಡದಲ್ಲಿ ಧಾರೆ ಎರೆದ ಕಥೆ

"ಹುಡುಗ ಇಟಲಿಯವನು ಎಂದು ನಾನು ಅಳುತ್ತಿಲ್ಲ ಕಣೋ. ಅಲ್ಲಿ ಛತ್ರ ಹುಡುಕುವವರು ಯಾರು ಹೇಳು" ಎಂದು ಅಕ್ಕ ಫೋನಿನಲ್ಲಿ ಕೇಳಿದ ದಿನವೇ ಈ ಕೆಲಸ ನನ್ನ ಹೆಗಲೇರಿತು. ನಾನು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಮನೆಯಲ್ಲಿ ಬಿಡುವಾಗಿ ಕುಳಿತವನು, ಮೇಲಾಗಿ ಸೋದರಮಾವ. ತಪ್ಪಿಸಿಕೊಳ್ಳುವುದಕ್ಕೆ ದಾರಿ ಇರಲಿಲ್ಲ.

ಅಕ್ಕನ ಮಗಳು ಮಿಲಾನಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಲೆಕ್ಕೋ ಕ್ಯಾಂಪಸ್ಸಿನಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದವಳು. ಹುಡುಗನೂ ಲೆಕ್ಕೋದವನೇ. ಅವನ ಅಜ್ಜಿಗೆ ವಿಮಾನ ಹತ್ತುವಷ್ಟು ತ್ರಾಣವಿಲ್ಲ, ಹಾಗಾಗಿ ಮದುವೆ ಅಲ್ಲಿಯೇ ಎಂದು ನಿಶ್ಚಯವಾಯಿತು. ಕೋಮೋ ಸರೋವರ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂತಿದೆ. ಒಂದು ಕಾಲಿನ ತುದಿಯಲ್ಲಿ ಕೋಮೋ ಪಟ್ಟಣ, ಇನ್ನೊಂದರ ತುದಿಯಲ್ಲಿ ಲೆಕ್ಕೋ, ಕವಲೊಡೆಯುವ ಮೂಲೆಯಲ್ಲಿ ಬೆಲ್ಲಾಜಿಯೋ.

ನಮ್ಮ ಬಂಧುಗಳಿಗೆ ಕೋಮೋ ಎಂದರೆ 2018ರ ನವೆಂಬರಿನಲ್ಲಿ ದೀಪಿಕಾ ಪಡುಕೋಣೆ ಮದುವೆಯಾದ ಬಾಲ್ಬಿಯಾನೆಲ್ಲೋ ವಿಲ್ಲಾ. ಅಕ್ಕನ ಓರಗಿತ್ತಿ ಆ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ "ಇಂಥದ್ದೇ ನೋಡಿ" ಎಂದು ಬರೆದರು. ಅದು ಪಶ್ಚಿಮ ದಡದ ಲೆನ್ನೋದಲ್ಲಿದೆ. ಅಲ್ಲಿಗೆ ಹೋಗುವ ದಡದ ರಸ್ತೆ ಕಿರಿದು, ರೈಲಿಲ್ಲ. ನಾನು ಮೊದಲು ಲೆಕ್ಕ ಹಾಕಿದ್ದು ಬರುವವರ ಮೊಣಕಾಲುಗಳನ್ನು. ಕರ್ನಾಟಕದಿಂದ ಹೊರಡುವ ಇಪ್ಪತ್ತೆರಡು ಜನರಲ್ಲಿ ಒಂಬತ್ತು ಮಂದಿ ಅರವತ್ತೈದು ದಾಟಿದವರು. ಆದ್ದರಿಂದ ಪೂರ್ವ ದಡದ ವರೆನ್ನಾ ಆರಿಸಿದೆ. ಮಿಲಾನಿನ ಸೆಂಟ್ರಲ್ ನಿಲ್ದಾಣದಿಂದ ನೇರ ರೈಲು, ಒಂದು ಗಂಟೆಯ ಸುಮಾರು ಪ್ರಯಾಣ. ಆ ಊರಿನ ಗಲ್ಲಿಗಳೆಲ್ಲ ಮೆಟ್ಟಿಲುಗಳು ಎನ್ನುವುದು ಮಾತ್ರ ಅಲ್ಲಿಗೆ ಹೋದ ಮೇಲೆ ಕಾಲಿಗೆ ತಿಳಿಯಿತು.

ಇಟಲಿಯಲ್ಲಿ ಕಾನೂನುಬದ್ಧ ಮದುವೆಯನ್ನು ಮನಸ್ಸಿಗೆ ಬಂದ ತೋಟದಲ್ಲಿ ಮಾಡುವಂತಿಲ್ಲ. ಊರಿನ ಪುರಸಭೆ, ಅಂದರೆ ಕೊಮೂನೆ, ಇಂಥಿಂಥ ಜಾಗ ಎಂದು ಗೊತ್ತುಮಾಡಿರುತ್ತದೆ. ಅಲ್ಲಿ ಮೇಯರ್ ಅಥವಾ ಅವರು ನೇಮಿಸಿದವರು ತ್ರಿವರ್ಣದ ಪಟ್ಟಿ ಧರಿಸಿ ಮದುವೆ ಮಾಡಿಸಬೇಕು. ವರೆನ್ನಾದಲ್ಲಿ ವಿಲ್ಲಾ ಮೊನಾಸ್ತೆರೋ ಅಂಥ ಒಂದು ಜಾಗ. ಹಿಂದೊಮ್ಮೆ ಸನ್ಯಾಸಿನಿಯರ ಮಠವಾಗಿತ್ತು, ಆ ಹೆಸರು ಬಂದದ್ದೂ ಅದರಿಂದಲೇ. ನ್ಯೂಟ್ರಾನ್‌ಗಳ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಎನ್ರಿಕೋ ಫರ್ಮಿ 1954ರಲ್ಲಿ ಉಪನ್ಯಾಸ ಕೊಟ್ಟದ್ದು ಅದೇ ಕಟ್ಟಡದಲ್ಲಿ. ಅಲ್ಲಿನ ಒಂದು ಸಭಾಂಗಣಕ್ಕೆ ಅವರದೇ ಹೆಸರಿದೆ. ಮೂವತ್ತು ವರ್ಷ ನ್ಯೂಟ್ರಾನ್ ಪಾಠ ಹೇಳಿದವನಿಗೆ ಇನ್ನೊಂದು ವಿಲ್ಲಾದ ಫೋಟೊ ತೋರಿಸಿ ಪ್ರಯೋಜನವಿರಲಿಲ್ಲ.

ಹೀಗಾಗಿ ಶುಕ್ರವಾರ ಅಲ್ಲಿ ಸಹಿ, ಶನಿವಾರ ಬಾಡಿಗೆಯ ತೋಟವೊಂದರಲ್ಲಿ ಧಾರೆ ಎಂದು ಎರಡು ಭಾಗ ಮಾಡಿದೆವು. ತೋಟದವರ ಅರ್ಜಿಯಲ್ಲಿ ನಮ್ಮ ಧಾರೆಯನ್ನು "ಸಾಂಕೇತಿಕ ಸಮಾರಂಭ" ಎಂದು ಬರೆದಿದ್ದರು. ಅಗ್ನಿಸಾಕ್ಷಿಯಾಗಿ ಏಳು ಹೆಜ್ಜೆ ಇಡುವುದು ಸಾಂಕೇತಿಕ, ಬಾಲ್ ಪೆನ್ನಿನ ಸಹಿ ವಾಸ್ತವ! ಒಂದು ದಿನವೆಲ್ಲ ಸಿಟ್ಟಾಗಿದ್ದೆ.

ಕಾಗದಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊರದೇಶದವರು ಇಟಲಿಯಲ್ಲಿ ಮದುವೆಯಾಗಲು ತಮ್ಮ ದೇಶದಿಂದ "ಅಡ್ಡಿಯಿಲ್ಲ" ಎನ್ನುವ ಪತ್ರ ತರಬೇಕು. ಅದಕ್ಕೆ ನುಲ್ಲಾ ಓಸ್ತಾ ಎನ್ನುತ್ತಾರೆ. ನಮ್ಮವರಿಗೆ ಅದನ್ನು ಕೊಡುವುದು ಮಿಲಾನಿನ ಭಾರತೀಯ ದೂತಾವಾಸ. ಅಪೊಸ್ಟೀಲ್ ಎಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲೆಂದು ಹಾಕುವ ದೃಢೀಕರಣ ಮುದ್ರೆ. ಭಾರತ 2005ರಿಂದ ಆ ಅಪೊಸ್ಟೀಲ್ ಒಪ್ಪಂದದಲ್ಲಿದೆಯಲ್ಲ, ಅದೇ ಸಾಕು ಎಂದುಕೊಂಡಿದ್ದೆ. ಆದರೆ ದೂತಾವಾಸಗಳು ಕೊಡುವ ಪತ್ರಗಳಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಪತ್ರವನ್ನು ಪ್ರೆಫೆತ್ತೂರಾ ಎಂಬ ಸರ್ಕಾರಿ ಕಚೇರಿಗೆ ಒಯ್ದು, 16 ಯೂರೋ ಸ್ಟಾಂಪ್ ಅಂಟಿಸಿ, ಸಹಿಯನ್ನು ದೃಢೀಕರಿಸಿಕೊಳ್ಳಬೇಕು. ಅಪೊಸ್ಟೀಲ್ ಬೇಕಾಗುವುದು ಊರಿನಿಂದ ತರುವ ಜನನ ಪ್ರಮಾಣಪತ್ರಕ್ಕೆ. ಅದಕ್ಕೆ ಇಟಾಲಿಯನ್ ಅನುವಾದವೂ ಬೇಕು.

ನಮ್ಮ ಗಾಡಿ ಹೂತುಕೊಂಡದ್ದು ಆ ಜನನ ಪ್ರಮಾಣಪತ್ರದಲ್ಲಿ. ಆ ಕಾಲದ ಎಷ್ಟೋ ದಾಖಲೆಗಳಂತೆ ಅದರಲ್ಲೂ ಮಗುವಿನ ಹೆಸರಿನ ಜಾಗ ಖಾಲಿ. ತಂದೆ, ತಾಯಿ, ಹೆಣ್ಣು, ತಾರೀಖು, ಅಷ್ಟೇ. ಶಾಲೆಯಲ್ಲಿ ಹೆಸರಿನ ಹಿಂದೆ "ಕೆ." ಇತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಮನೆತನದ ಹೆಸರಿನ ಕಾಲಂ ಖಾಲಿ ಬಿಡಬಾರದೆಂದು ಯಾರೋ ಹೇಳಿ, ಭಾವ ಆ ಕೆ.ಯನ್ನು ಬಿಡಿಸಿ "ಕಿಕ್ಕೇರಿ" ಎಂದು ಬರೆಸಿದ್ದರು. ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಭಾವನ ಊರು ಹೀಗೆ ಹುಡುಗಿಯ ವಂಶನಾಮವಾಗಿತ್ತು. ಜನನ ದಾಖಲೆಗೆ ಹೆಸರು ಸೇರಿಸಲು ನಾಲ್ಕು ತಿಂಗಳು ಅಲೆದೆ. "ಇಟಲಿಗೆ ಹೋಗುವವರಿಗೆ ನಮ್ಮ ಆಫೀಸಿನ ಕಾಗದ ಯಾಕೆ ಸ್ವಾಮಿ?" ಎಂದು ಗುಮಾಸ್ತರೊಬ್ಬರು ನಿಜವಾದ ಕುತೂಹಲದಿಂದಲೇ ಕೇಳಿದರು. ಸರೋವರದ ದಡದಲ್ಲಿ ಮದುವೆ ಮಾಡಬೇಕೆನ್ನುವವರು ವಿಲ್ಲಾ ನೋಡುವ ಮೊದಲು ಹುಡುಗ ಹುಡುಗಿಯ ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟನ್ನು ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಓದಲಿ. ನಾನು ಮುಂಗಡ ಕೊಟ್ಟ ಮೇಲೆ ಓದಿದೆ.

ವೀಸಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ದೊಡ್ಡವರಿಗೆ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಪ್ಪತ್ತೆರಡರಲ್ಲಿ ಒಂದು ತಿರಸ್ಕೃತವಾಯಿತು. ಅದು ಹುಡುಗಿಯ ಚಿಕ್ಕಪ್ಪನದು. ಅವರು ಹೊಸ ಕೋಟು ಹೊಲಿಸಿಯಾಗಿತ್ತು.

ಮುಹೂರ್ತದ ಲೆಕ್ಕ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಊರಿನಿಂದ ಪುರೋಹಿತರನ್ನು ಕರೆತರುವುದು ಆಗಲಿಲ್ಲ. ಜ್ಯೂರಿಕ್‌ನಲ್ಲಿ ಎಂಜಿನಿಯರಾಗಿರುವ ಮೈಸೂರಿನವರೊಬ್ಬರು, ಚಿಕ್ಕಂದಿನಲ್ಲಿ ವೇದಪಾಠ ಆದವರು, ಬರುತ್ತೇನೆಂದರು. "ಸಾರ್, ಮೈಸೂರಿನ ಪಂಚಾಂಗದ ಸಮಯ ಅಲ್ಲಿಗೆ ಹೊಂದುವುದಿಲ್ಲ, ಅಕ್ಷಾಂಶ ಹೇಳಿ" ಎಂದರು. ನಲವತ್ತಾರು ಡಿಗ್ರಿ ಉತ್ತರ. ಜೂನ್ ಮೊದಲ ವಾರದಲ್ಲಿ ಅಲ್ಲಿ ಸೂರ್ಯ ಐದೂವರೆಗೆ ಹುಟ್ಟಿ ರಾತ್ರಿ ಒಂಬತ್ತರ ನಂತರ ಮುಳುಗುತ್ತಾನೆ. ಹಗಲನ್ನು ಎಂಟು ಪಾಲು ಮಾಡಿದರೆ ಒಂದೊಂದು ಪಾಲು ಎರಡು ಗಂಟೆಗೆ ಮೂರ‍್ನಾಲ್ಕು ನಿಮಿಷ ಕಡಿಮೆ. ಶನಿವಾರದ ರಾಹುಕಾಲ ಮೂರನೆಯ ಪಾಲು. ನಮ್ಮಲ್ಲಿ ಒಂಬತ್ತರಿಂದ ಹತ್ತೂವರೆ ಎನ್ನುವುದು ಅಲ್ಲಿ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಹಿಗ್ಗಿತ್ತು. ಅದಾದ ಮೇಲೆ ಇಟ್ಟುಕೊಳ್ಳೋಣ ಎಂದರೆ ಹುಡುಗ ಬೇಡವೆಂದ. "ಮಾವ, ಮಧ್ಯಾಹ್ನ ಬ್ರೇವಾ ಬರುತ್ತದೆ." ಬ್ರೇವಾ ಎಂದರೆ ತಿಳಿಯಾದ ದಿನಗಳಲ್ಲಿ ಮಧ್ಯಾಹ್ನ ದಕ್ಷಿಣದಿಂದ ಬೀಸುವ ಗಾಳಿ. ಬೆಳಗಿನ ಹೊತ್ತು ಉತ್ತರದಿಂದ ತಿವಾನೋ ಬೀಸುತ್ತದೆ. ಬೆಟ್ಟ ಕಣಿವೆಗಳು ಕಾಯುವುದು, ಆರುವುದು ಇದಕ್ಕೆ ಕಾರಣ. ನಾನು ಪಾಠ ಶುರುಮಾಡುವ ಮೊದಲೇ ಎಲ್ಲರೂ ಎದ್ದುಹೋದರು. ಧಾರೆ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಎಂದು ಗೊತ್ತಾಯಿತು.

ಸಾಮಾನಿನ ಪಟ್ಟಿ ಕೈಯಲ್ಲಿ ಹಿಡಿದಾಗ ಕಾನೂನೆಂಬುದು ಎಷ್ಟು ವಿಚಿತ್ರ ಎಂದು ತಿಳಿಯಿತು. ಕರ್ಪೂರ, ಒಣ ಕೊಬ್ಬರಿ ಎರಡೂ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳೆಂದು ವಿಮಾನದಲ್ಲಿ ನಿಷಿದ್ಧ. ತುಪ್ಪ ಹಾಲಿನ ಪದಾರ್ಥವಾದ್ದರಿಂದ ಯುರೋಪಿನೊಳಗೆ ಬಿಡುವುದಿಲ್ಲ. ವೀಳ್ಯದೆಲೆ, ಮಾವಿನ ಎಲೆ, ಮಲ್ಲಿಗೆ ಸಸ್ಯರೋಗವಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಒಳಗೆ ಹೋಗವು. ಆದರೆ ಅಂಥ ಪತ್ರ ಕೇಳದೆ ಬಿಡುವ ಹಣ್ಣುಗಳು ಐದೇ ಐದು: ಅನಾನಸ್, ಖರ್ಜೂರ, ದುರಿಯನ್, ಬಾಳೆ, ತೆಂಗು! ಕಾಯಿ, ಬಾಳೆಹಣ್ಣು ಸಲೀಸಾಗಿ ಹೋಗುತ್ತವೆ, ಎಲೆ ಅಡಿಕೆಯಲ್ಲಿ ಎಲೆ ಸಿಕ್ಕಿಬೀಳುತ್ತದೆ. ಎಲೆ ಕೊನೆಗೆ ಮಿಲಾನಿನ ಶ್ರೀಲಂಕಾದವರ ಅಂಗಡಿಯಲ್ಲಿ ದೊರೆಯಿತು. ಬೆಣ್ಣೆ ಅಲ್ಲೇ ಕೊಂಡು ಅಕ್ಕ ತುಪ್ಪ ಕಾಯಿಸಿದಳು. ಮಲ್ಲಿಗೆಯ ಬದಲಿಗೆ ವರೆನ್ನಾದ ಗೋಡೆಗಳ ಮೇಲೆ ಬಿಳಿ ನಕ್ಷತ್ರದಂಥ ಬಳ್ಳಿ ಹೂವೊಂದು ಆ ದಿನಗಳಲ್ಲಿ ಘಮಘಮಿಸುತ್ತಿರುತ್ತದೆ. ಕಿತ್ತರೆ ಹಾಲು ಸುರಿದು ಕೈ ಅಂಟಾಗುತ್ತದೆ, ಆದರೂ ನಮ್ಮ ಹೆಂಗಸರು ಕಟ್ಟಿ ಮುಡಿದರು.

ತೋಟದ ಯಜಮಾನಿ ಹೋಮಕ್ಕೆ ಮೊದಲು ಒಪ್ಪಲಿಲ್ಲ. ಜಲ್ಲಿ ಹಾಸಿದ ಜಾಗದಲ್ಲಿ ಕಬ್ಬಿಣದ ತಟ್ಟೆ, ಅದರಲ್ಲಿ ಮರಳು, ಮೇಲೆ ಗೇಣುದ್ದದ ಕುಂಡ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಎಂದು ನಾನು ಪ್ರಯೋಗಶಾಲೆಯ ಚಿತ್ರ ಬರೆದು ಕಳಿಸಿದ ಮೇಲೆ ಸರಿ ಎಂದರು. ಧ್ವನಿಮುದ್ರಿತ ನಾದಸ್ವರ ಹಾಕುವುದಕ್ಕೂ ಸಂಗೀತದ ಹಕ್ಕುಗಳ ಸಂಸ್ಥೆಗೆ ಶುಲ್ಕ ಕಟ್ಟಿ ಅನುಮತಿ ಪಡೆದೆವು. ಊಟದಲ್ಲಿ ಒಂದೇ ಎಚ್ಚರ ಹೇಳುತ್ತೇನೆ. ಸಸ್ಯಾಹಾರಿ ಎಂದರೆ ಅಲ್ಲಿನ ಅಡುಗೆಯವರು ಧಾರಾಳವಾಗಿ ಪಾರ್ಮೆಸಾನ್ ಚೀಸ್ ತುರಿಯುತ್ತಾರೆ. ಅದನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಬರವಣಿಗೆಯಲ್ಲಿ ಬೇಡವೆಂದು ಹೇಳಬೇಕು.

ಶುಕ್ರವಾರ ನಾನೇ ಒಬ್ಬ ಸಾಕ್ಷಿ. ನಾಗರಿಕ ಸಂಹಿತೆಯ 143, 144, 147ನೇ ವಿಧಿಗಳನ್ನು ಓದಿದರು, ದುಭಾಷಿ ಇಂಗ್ಲಿಷಿನಲ್ಲಿ ಹೇಳಿದರು. ಆಸ್ತಿ ಒಟ್ಟಿಗೋ ಬೇರೆಬೇರೆಯೋ ಎಂದು ಅಲ್ಲೇ, ಎಲ್ಲರೆದುರು, ಕೇಳಿದಾಗ ಭಾವ ನನ್ನ ಮುಖ ನೋಡಿದರು. ಶನಿವಾರ ಧಾರೆ ಹೇಳಿದ ಹೊತ್ತಿಗೇ ಆಯಿತು. ಚಿಕ್ಕಪ್ಪ ಕೋಟು ತೊಟ್ಟು ಮೈಸೂರಿನಿಂದ ವಿಡಿಯೋದಲ್ಲಿ ನೋಡಿದರು. ಅಕ್ಷತೆ ಹಂಚುತ್ತಿದ್ದಾಗ ಹುಡುಗನ ಅಜ್ಜಿ ಬೇಡವೆಂದು ತಲೆಯಾಡಿಸಿ ತನ್ನ ಕೈಚೀಲದಿಂದಲೇ ಒಂದು ಹಿಡಿ ಬಿಳಿ ಅಕ್ಕಿ ತೆಗೆದಳು. ಅವರಲ್ಲೂ ಮದುಮಕ್ಕಳ ಮೇಲೆ ಅಕ್ಕಿ ಎರಚುತ್ತಾರೆ. ಹನ್ನೆರಡೂವರೆಗೆ ಬ್ರೇವಾ ಬಂದು ಮಂಟಪದ ಮೇಲುಬಟ್ಟೆಯನ್ನು ಸರೋವರಕ್ಕೆ ಒಯ್ದಿತು.

ಮದುವೆಯ ನಂತರ ಹುಡುಗಿಯ ಹೆಸರು ಬದಲಾಯಿಸಲು ಮತ್ತೆ ಯಾವ ಕಚೇರಿಗೆ ಅಲೆಯಬೇಕೋ ಎಂದು ಕೊಮೂನೆಯಲ್ಲಿ ವಿಚಾರಿಸಿದೆ. ಇಟಲಿಯ ದಾಖಲೆಗಳಲ್ಲಿ ಹೆಂಗಸರು ಹುಟ್ಟಿದಾಗಿನ ಹೆಸರಿನಲ್ಲೇ ಇರುತ್ತಾರಂತೆ. ವರೆನ್ನಾದ ವಿವಾಹ ಪುಸ್ತಕದಲ್ಲಿ ಅವಳು ಈಗಲೂ ಕಿಕ್ಕೇರಿ.