ಕಲ್ಲು ಕೀಳುವ ಮೊದಲು ದಿಕ್ಕು ಬರೆದುಕೊಳ್ಳಿ

ಬೀದರ್ ಅಂದ್ರೆ ಎಲ್ಲರಿಗೂ ಕೆಂಪು ಜಂಬಿಟ್ಟಿಗೆ ಕಲ್ಲು ನೆನಪಾಗುತ್ತದೆ. ನನಗೆ ಬೇಕಿದ್ದದ್ದು ಅದರ ಕೆಳಗಿನ ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರಿ ಆದ ಕಲ್ಲು ಇದು. ಇದರಲ್ಲಿ ಮ್ಯಾಗ್ನೆಟೈಟ್‌ನ ಸಣ್ಣ ಸಣ್ಣ ಹರಳುಗಳಿವೆ. ಶಾಖ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತಾ ಹೋದಂತೆ, ಆಗಿನ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಅದೇ ದಿಕ್ಕು ಹರಳುಗಳಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಭೂಮಿಯ ಉತ್ತರ ದಕ್ಷಿಣ ಅದಲುಬದಲಾದರೂ ಕಲ್ಲು ತನ್ನ ಹಳೇ ದಿಕ್ಕು ಬಿಡುವುದಿಲ್ಲ.

ಹುಮನಾಬಾದ್ ಕಡೆಯ ಒಂದು ಹಳೇ ಖಣಿಯಲ್ಲಿ ಕೆಲಸ ಶುರು ಮಾಡಿದೆ. ಗುಡ್ಡದ ತುದಿಯ ಕಲ್ಲು ಮುಟ್ಟಲಿಲ್ಲ. ಬಯಲಲ್ಲಿ ಎದ್ದು ನಿಂತ ಬಂಡೆಗೆ ಸಿಡಿಲು ಬಡಿದಿದ್ದರೆ ಹಳೇ ದಿಕ್ಕು ಅಳಿಸಿ ಹೊಸದು ಕೂತಿರುತ್ತದೆ. ಖಣಿಯೊಳಗಿನ ತಾಜಾ ಕಲ್ಲೇ ವಾಸಿ.

ವಜ್ರದ ಹಲ್ಲಿನ ಡ್ರಿಲ್‌ಗೆ ನೀರು ಬಿಡುತ್ತಾ ಸುಮಾರು 2.5 ಸೆಂ.ಮೀ. ದಪ್ಪದ ಕಲ್ಲಿನ ಕಡ್ಡಿ ಕೊರೆಯಬೇಕು. ಕೊರೆದ ಮೇಲೆ ಹೊರಗೆ ತೆಗೆಯಬಾರದು. ಅದು ಇನ್ನೂ ಬಂಡೆಗೆ ಅಂಟಿಕೊಂಡಿರುವಾಗಲೇ ಸೀಳಿರುವ ಕೊಳವೆಯನ್ನು ಅದರ ಮೇಲೆ ಕೂರಿಸಿ, ಎಷ್ಟು ಓರೆ, ಯಾವ ಕಡೆಗೆ ಅಂತ ಅಳೆಯಬೇಕು. ಸೀಳಿನೊಳಗೆ ಹಿತ್ತಾಳೆ ತಂತಿ ಆಡಿಸಿ ಕಲ್ಲಿನ ಮೇಲೆ ಗೆರೆ ಎಳೆಯಬೇಕು. ಬಸಾಲ್ಟ್ ಹತ್ತಿರ ದಿಕ್ಸೂಚಿಯನ್ನೇ ಪೂರ್ತಿ ನಂಬುವ ಹಾಗಿಲ್ಲ, ಕಲ್ಲೇ ಮುಳ್ಳನ್ನು ಎಳೆಯುತ್ತದೆ. ಅದಕ್ಕೇ ಬಿಸಿಲಿನ ನೆರಳಿನ ಕೋನ ಮತ್ತು ಸರಿಯಾದ ಸಮಯ ಬರೆದುಕೊಂಡು ದಿಕ್ಕನ್ನು ಲೆಕ್ಕ ಹಾಕುತ್ತೇನೆ. ಮೋಡ ಬಂದರೆ ಕಾಯುವುದೇ. ಈ ಗೆರೆ ಸರಿಯಿಲ್ಲದಿದ್ದರೆ ಮುಂದೆ ಎಂಥ ಯಂತ್ರ ಇದ್ದರೂ ಪ್ರಯೋಜನವಿಲ್ಲ.

ಎರಡು ಲಾವಾ ಪದರಗಳ ನಡುವೆ ಕೆಮ್ಮಣ್ಣಿನ ಪಟ್ಟಿ ಸಿಕ್ಕಿತು. ಮೇಲಿನ ಲಾವಾ ಹರಿದಾಗ ಈ ಮಣ್ಣೂ ಬೆಂದಿರುತ್ತದೆ, ಹಾಗಾಗಿ ಎರಡರಲ್ಲೂ ಒಂದೇ ದಿಕ್ಕು ಇರಬೇಕು ಅಲ್ವಾ? 1906ರಲ್ಲಿ ಫ್ರಾನ್ಸಿನ ಬೆರ್ನಾರ್ ಬ್ರ್ಯೂನ್ ಇದೇ ದಾರಿ ಹಿಡಿದರು. ಲಾವಾ ಮತ್ತು ಬೆಂದ ಮಣ್ಣು ಎರಡೂ ಉಲ್ಟಾ ಇರುವುದನ್ನು ನೋಡಿ, ಕಾಂತಕ್ಷೇತ್ರವೇ ಹಿಂದೆ ತಿರುಗಿತ್ತು ಎಂದು ಹೇಳಿದರು. ಹಾಗಾಗಿ ನಾನು ಆ ಮಣ್ಣನ್ನೂ ದಿಕ್ಕು ಗುರುತು ಮಾಡಿಯೇ ತೆಗೆದುಕೊಂಡೆ.

ಲ್ಯಾಬಿನಲ್ಲಿ ಕಲ್ಲನ್ನು ಹಂತ ಹಂತವಾಗಿ ಕಾಯಿಸಿ, ಕಾಂತಕ್ಷೇತ್ರವೇ ಇಲ್ಲದ ಪೆಟ್ಟಿಗೆಯಲ್ಲಿ ಆರಿಸಿ, ಪ್ರತಿ ಸಲ ಅಳೆಯುತ್ತಾರೆ. ಈಚೆಗೆ ಅಂಟಿಕೊಂಡ ದುರ್ಬಲ ಕಾಂತತೆ ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಉಳಿಯುತ್ತದೆ. ನನ್ನ ಮಾದರಿಗಳಲ್ಲಿ ಉಳಿದದ್ದು ದಕ್ಷಿಣ-ಆಗ್ನೇಯಕ್ಕೆ ಮುಖಮಾಡಿ, ಸುಮಾರು 50 ಡಿಗ್ರಿ ಕೆಳಕ್ಕೆ ಬಾಗಿದ ದಿಕ್ಕು. ಕೆಮ್ಮಣ್ಣಿನದೂ ಅದೇ. ಅಂದರೆ ಲಾವಾ ಆರಿದಾಗ ಇಲ್ಲಿ ದಿಕ್ಸೂಚಿ ಹಿಡಿದಿದ್ದರೆ ಅದರ ಮುಳ್ಳು ದಕ್ಷಿಣ ತೋರಿಸುತ್ತಿತ್ತು!

ಆ ಬಾಗು ಇನ್ನೊಂದನ್ನೂ ಹೇಳುತ್ತದೆ. ಬಾಗಿನ ಟ್ಯಾನ್ (ತ್ರಿಕೋನಮಿತಿಯ ಟ್ಯಾಂಜೆಂಟ್) ಅಕ್ಷಾಂಶದ ಟ್ಯಾನ್‌ನ ಎರಡರಷ್ಟು. ಲೆಕ್ಕ ಹಾಕಿದರೆ ಈ ನೆಲ ಆಗ ಸಮಭಾಜಕದ ದಕ್ಷಿಣಕ್ಕೆ ಸುಮಾರು 30 ಡಿಗ್ರಿಯಲ್ಲಿತ್ತು. ಈಗ ಬೀದರ್ ಇರುವುದು ಉತ್ತರಕ್ಕೆ 18 ಡಿಗ್ರಿ ಹತ್ತಿರ. 5,000 ಕಿ.ಮೀ.ಗೂ ಜಾಸ್ತಿ ದೂರ ಬಂದಿದೆ. ಉತ್ತರಕ್ಕೆ ಬರುತ್ತಾ ಭಾರತ ಸ್ವಲ್ಪ ತಿರುಗಿಯೂ ಇದೆ. ಮುಳ್ಳು ನೇರ ದಕ್ಷಿಣ ಬಿಟ್ಟು ಆಗ್ನೇಯಕ್ಕೆ ವಾಲಿರುವುದು ಅದಕ್ಕೇ.

ಈಗ ಮೇಲಿನ ಪದರಗಳ ಕಡೆ ಹೊರಟಿದ್ದೇನೆ. ಇಲ್ಲಿನ ಕರಿಕಲ್ಲೂ ಸೇರಿದ ದಖ್ಖನ್ ಲಾವಾದ ಬಹುಪಾಲು ಉಲ್ಟಾ ಕಾಲದಲ್ಲೇ ಹರಿದದ್ದು, ಅದರ ಮೇಲೆ ಇಂದಿನಂತೆ ಉತ್ತರ ತೋರಿಸುವ ಪದರಗಳು ಬರುತ್ತವೆ. ದಿಕ್ಕು ಬದಲಾಗುವ ಆ ಗಡಿ ಇಲ್ಲಿ ಎಷ್ಟು ಎತ್ತರದಲ್ಲಿದೆ ಎಂದು ಗೊತ್ತಾದರೆ, ನಮ್ಮ ಪದರಗಳನ್ನು ದೂರದ ಮಹಾಬಲೇಶ್ವರದ ಪದರಗಳ ಜೊತೆ ಇಟ್ಟು ನೋಡಬಹುದು.