ಬಾಡಿಗೆ ಮನೆ, ಕಮ್ಮಿ ಸಂಬಳ, ಆದರೂ ಮಗಳ ಕಸ್ಟಡಿ ನನಗೇ ಬಂತು

ಆರ್ಡರ್ ಕೈಗೆ ಬಂದು ವರ್ಷದ ಮೇಲಾಯಿತು. "ನಿನ್ನ ಗಂಡನಿಗೆ ಸ್ವಂತ ಮನೆ ಇದೆ, ನಿನ್ನ ಮೂರು ಪಟ್ಟು ಸಂಬಳ ಇದೆ, ಮಗು ನಿನಗೆಲ್ಲಿ ಸಿಗುತ್ತೆ" ಎಂದವರು ಒಬ್ಬಿಬ್ಬರಲ್ಲ. ಸೋದರಮಾವ ಹೇಳಿದರು, ಮೊದಲ ವಕೀಲರೂ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಅನ್ನೋ 1956ರ ಹಿಂದೂ ಅಪ್ರಾಪ್ತರು ಮತ್ತು ಪಾಲಕತ್ವ ಕಾಯ್ದೆಯ ಮಾತು ಕೋರ್ಟಿಗೆ ಅಲೆದವರಿಗೆಲ್ಲ ಗೊತ್ತು. ನನ್ನ ಮಗಳಿಗೆ ಆಗಲೇ ಏಳು ತುಂಬಿತ್ತು. ಉಳಿದಿದ್ದು ಅದೇ ಕಾಯ್ದೆಯ 13ನೇ ಕಲಂ, ಮಗುವಿನ ಹಿತ. ವಾದದಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ, ಕಾಗದದಲ್ಲಿ ತೋರಿಸುವವರು ಕಮ್ಮಿ.

ಮೊದಲ ವಕೀಲರ ಅರ್ಜಿ ತುಂಬ ಗಂಡನ ಮೇಲಿನ ಆರೋಪವೇ. ಮಗಳ ಹೆಸರು ಎಲ್ಲೋ ಮೂರು ಕಡೆ ಬಂದಿತ್ತು. ಜಗಳದ ಆಡಿಯೊ ಪೆನ್ ಡ್ರೈವ್‌ಗೆ ಹಾಕಿ ಕೊಟ್ಟೆವು, ಅದರಿಂದ ಏನೂ ಆಗಲಿಲ್ಲ. ಮಧ್ಯಸ್ಥಿಕೆಯೂ ಮುರಿಯಿತು. ಅಷ್ಟರಲ್ಲಿ ಐವತ್ತು ಸಾವಿರ ಫೀಸು, ಮೇಲೆ ಪ್ರತಿ ದಿನಾಂಕಕ್ಕೆ ಎರಡು ಮೂರು ಸಾವಿರ, ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಗಿ ಅಮ್ಮನ ಬಳೆ ಅಡವಿಟ್ಟಿದ್ದೆ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಚಿತ ಅಂದರೆ ಕಳಪೆ ಅನ್ನೋರ ಮಾತು ಕೇಳಬೇಡಿ. ನನಗೆ ಸಿಕ್ಕ ಮೇಡಂ ಕೇಸನ್ನೇ ತಿರುಗಿಸಿ ಹಾಕಿದರು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. "ಮಂಗಳವಾರ. ಜ್ವರ 101. ಸಿರಪ್ 5 ಎಂಎಲ್. ರಾತ್ರಿ ಎರಡಕ್ಕೆ ಮತ್ತೆ ನೋಡಿದೆ, 99. ನಾಳೆ ಗಣಿತ ಟೆಸ್ಟ್ ಇದೆ, ಮಿಸ್‌ಗೆ ಹೇಳಬೇಕು." ಹೀಗೇ ದಿನದಿನದ್ದು. ಮೇಡಂ ಅದನ್ನು ಓದಿ, ಇದೇ ನಿಮ್ಮ ಕೇಸು ಅಂದರು. ಲಸಿಕೆ ಕಾರ್ಡು, ಶಾಲೆ ಫೀಸಿನ ರಸೀದಿ, ಡಾಕ್ಟರ ಚೀಟಿ, ಪೋಷಕರ ಸಭೆಯ ಸಹಿ, ಎಲ್ಲ ತಾರೀಖಿನ ಪ್ರಕಾರ ನೋಟ್‌ಬುಕ್ಕಿನ ಪಕ್ಕ ಜೋಡಿಸಿದೆವು. ಡೈವೋರ್ಸ್ ಕೇಸಿನಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಕೆಳಗೆ ಮಗಳ ಕಸ್ಟಡಿಗೆ ಐ.ಎ., ಅಂದರೆ ಮಧ್ಯಂತರ ಅರ್ಜಿ, ಹಾಕಿದೆವು. ಪಾಟೀ ಸವಾಲಿನಲ್ಲಿ ಗಂಡನಿಗೆ ಕ್ಲಾಸ್ ಟೀಚರ್ ಹೆಸರು ಗೊತ್ತಿರಲಿಲ್ಲ, ಮಗಳಿಗೆ ಯಾವ ಔಷಧಿ ಆಗಿಬರಲ್ಲ ಅನ್ನೋದೂ ಗೊತ್ತಿರಲಿಲ್ಲ. ಯಾವ ಕಾಗದವನ್ನು ಯಾವ ಹಂತದವರೆಗೆ ಹೊರಗೆ ತೆಗೆಯದೆ ಇಟ್ಟುಕೊಂಡೆವು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಆ ಕಡೆಯವರೂ ಓದುತ್ತಾರೆ.

ಎಲ್ಲರೂ ಬೇಡ ಬೇಡ ಅಂದ ಇನ್ನೊಂದು ಕೆಲಸ ಮಾಡಿದೆ. ಅಪ್ಪ ಮಗಳು ಭೇಟಿಯಾಗುವ ಪಟ್ಟಿಯನ್ನು ನಾನೇ ಮೊದಲು ಕೋರ್ಟಿಗೆ ಕೊಟ್ಟೆ. ಎರಡನೇ, ನಾಲ್ಕನೇ ವಾರಾಂತ್ಯ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧರ್ಧ, ಮಧ್ಯೆ ವಿಡಿಯೊ ಕಾಲ್. 2020ರ ಯಶಿತಾ ಸಾಹು ಕೇಸಿನಲ್ಲಿ ಸುಪ್ರೀಂ ಕೋರ್ಟೇ ಇಂಥ ಸಂಪರ್ಕ ಇರಬೇಕು ಎಂದಿದೆ. ಮಗಳಿಗೆ ಅಪ್ಪ ಬೇಕು, ನಾನು ಅದನ್ನು ಮನಸಾರೆ ಬರೆದೆ. ಕಾಲ್ ಸಂಜೆ ಏಳಕ್ಕೆ ಇಟ್ಟು ನೋಡಿದೆ, ಹೋಂವರ್ಕ್ ಕೆಡುತ್ತಿತ್ತು. ಬೆಳಿಗ್ಗೆ ಶಾಲೆಗೆ ಮುಂಚೆ ಇಟ್ಟೆ, ವ್ಯಾನ್ ತಪ್ಪುತ್ತಿತ್ತು. ಕೊನೆಗೆ ರಾತ್ರಿ ಊಟ ಆದಮೇಲೆ ಹತ್ತು ನಿಮಿಷ, ಅದೇ ಸರಿಹೋಯಿತು.

ಜಡ್ಜ್ ಮಗಳನ್ನು ಚೇಂಬರಿನಲ್ಲಿ ಒಬ್ಬಳನ್ನೇ ಮಾತಾಡಿಸಿದರು. ಹೀಗೆ ಹೇಳು ಅಂತ ಕಲಿಸು ಎಂದು ಮನೆಯಲ್ಲಿ ಒತ್ತಾಯ ಇತ್ತು. ಒಂದಕ್ಷರವೂ ಕಲಿಸಲಿಲ್ಲ. ಏಳು ವರ್ಷದ ಮಗು ಹೊರುವ ಭಾರ ಅಲ್ಲ ಅದು, ಅಲ್ವಾ?

ಸಂಬಳದ ಮಾತಿಗೆ ಬಂದರೆ, 2020ರ ರಜನೇಶ್ ವಿರುದ್ಧ ನೇಹಾ ಕೇಸಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಲೇಬೇಕು. ಗಂಡನ ಸಂಬಳ ಜಾಸ್ತಿ ಎಂದು ಕಾಗದದಲ್ಲಿ ಬಂದಿದ್ದು ನನಗೇ ಅನುಕೂಲವಾಯಿತು. ಮಗಳು ನನ್ನ ಹತ್ತಿರ, ಅವಳ ಖರ್ಚಿಗೆ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು ಅವರಿಂದ, ಅದೂ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಬಾಕಿ ಬಂದಾಗ ಅಮ್ಮನ ಬಳೆ ಬಿಡಿಸಿದೆ. ಈಚೆಗೆ ಎರಡು ತಿಂಗಳದ್ದು ಬಂದಿಲ್ಲ, ಆರ್ಡರ್ ಜಾರಿ ಮಾಡಿಸುವ ಎಕ್ಸಿಕ್ಯೂಷನ್ ಅರ್ಜಿಗೆ ಮೇಡಂ ಹತ್ತಿರ ಕಾಗದ ಕೊಟ್ಟು ಬಂದಿದ್ದೇನೆ.