ಹಿರಿಯರ ಟ್ರ್ಯಾಕ್ಟರನ್ನು ಮತ್ತೆ ಚಾಲೂ ಮಾಡುವ ಮುನ್ನ

ಬಾಗಲಕೋಟೆ, ಜಮಖಂಡಿ ಭಾಗದಲ್ಲಿ ಹಿರಿಯರು ಬಿಟ್ಟುಹೋದ ಎಚ್‌ಎಂಟಿ ಅಥವಾ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ವರ್ಷಗಟ್ಟಲೆ ನಿಂತಿದ್ದರೆ, ಹೊಸ ಬ್ಯಾಟರಿ ಹಾಕಿ ನೇರವಾಗಿ ಸೆಲ್ಫ್ ಹೊಡೆಯಬೇಡಿರಿ; ತುಕ್ಕಿನಿಂದ ಪಿಸ್ಟನ್ ರಿಂಗುಗಳು ಕಚ್ಚಿಕೊಂಡಿದ್ದರೆ ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಗೀರು ಬಿದ್ದು, ಸಣ್ಣ ಕೆಲಸವು ಇಡೀ ಎಂಜಿನ್ ಬಿಚ್ಚುವ ಖರ್ಚಿಗೆ ತಿರುಗುತ್ತದೆ. ಮೊದಲು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ತೆಗೆದು, ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸ್ವಲ್ಪ ಹಾಕಿ, ಎರಡು ಮೂರು ದಿನ ನೆನೆಯಲು ಬಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಮುಂದಿರುವ ಕ್ರ್ಯಾಂಕ್ ಪುಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಉಳಿದ ಎಣ್ಣೆ ಪೂರ್ತಿ ಹೊರಬಂದ ನಂತರವೇ ಇಂಜೆಕ್ಟರ್ ಕೂರಿಸಿರಿ. ಈ ಹಂತದಲ್ಲಿ ಅವಸರ ಮಾಡಿದರೆ ಒಳಗುಳಿದ ಎಣ್ಣೆಯ ಒತ್ತಡಕ್ಕೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಟ್ಯಾಂಕಿನ ಹಳೆಯ ಡೀಸೆಲ್ ಚೆಲ್ಲಿ, ಫಿಲ್ಟರ್ ಬದಲಿಸಿ, ಪೈಪಿನಲ್ಲಿ ಸೇರಿದ ಗಾಳಿಯನ್ನು ತೆಗೆಯಬೇಕು.

ಒಡೆದ ಬಿಡಿಭಾಗವನ್ನು ಗುಜರಿಗೆ ಹಾಕದೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಒಯ್ದು ವಿಚಾರಿಸಿರಿ. ಎರಕ ಮತ್ತು ಲೇಥ್ ಕೆಲಸ ಬಲ್ಲವರು ಅಲ್ಲಿ ಬಹಳ ಜನರಿದ್ದಾರೆ. ಬಣ್ಣ ಹಚ್ಚುವ ಮುನ್ನ ಚಾಸಿ ನಂಬರನ್ನು ಉಜ್ಜಿ ಅಳಿಸದಂತೆ ಎಚ್ಚರ ವಹಿಸಿರಿ.

ಕಾಗದಪತ್ರಗಳನ್ನು ಮುಂದೂಡಬೇಡಿರಿ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಿ ಅರ್ಜಿ ಸಲ್ಲಿಸಬೇಕೆಂಬುದು ಮೋಟಾರು ವಾಹನ ನಿಯಮ. ಅವಧಿ ಮೀರಿದ್ದರೂ ಮರಣ ಪ್ರಮಾಣಪತ್ರ ಹಾಗೂ ಆರ್‌ಸಿ ಹಿಡಿದು ಈಗಲೇ ಹೋಗಿ ಕೇಳಿರಿ.